ಹದ್ದು ಕಂಡ ಶತ್ರುಸೇನೆ

ಕಪ್ಪಿರುವೆಗಳು ತಮ್ಮ ಗೂಡಿನ ಮೊಟ್ಟೆ ಕದಿಯಲು ಹೊರಟಿವೆ ಎಂದು ಕೇಳಿ ಕೆಂಪಿರುವೆಗಳ ಸೇನಾಪತಿ ರಣಕೇಸರಿ ಕಂಗಾಲಾದ. ಆಕಾಶದಿಂದ ಕಂಡದ್ದನ್ನು ಮಾರಿ ಬದುಕುವ ಹದ್ದಿಗೆ ಸತ್ತ ಓತಿಕ್ಯಾತ ಕೊಟ್ಟು, ಶತ್ರುಗಳ ಸುಳಿವು ಹೇಳಬೇಕೆಂದು ಕರಾರು ಮಾಡಿಕೊಂಡ. ಆಮೇಲೆ ಪಡೆಯನ್ನೆಲ್ಲ ಕಟ್ಟಿಕೊಂಡು ಗೂಡಿನಿಂದ ಹೊರಟ.

“ಸೇನಾಪತಿಗಳೇ, ದೊಡ್ಡ ದಂಡೊಂದು ಬೇವಿನ ಮರದತ್ತ ಸಾಗುತ್ತಿದೆ!” ಎಂದು ಹದ್ದು ಮೇಲಿನಿಂದ ಕೂಗಿತು.

ರಣಕೇಸರಿ ಪಡೆಯನ್ನು ಬೇವಿನ ಬುಡಕ್ಕೇ ಓಡಿಸಿದ. “ಈಗೆಲ್ಲಿದೆ?”

“ಮರದ ಬುಡಕ್ಕೆ ಬಂದೇಬಿಟ್ಟಿತು!”

ಅವನು ಸುತ್ತ ನೋಡಿದ. ಅಲ್ಲಿದ್ದವರೆಲ್ಲ ತನ್ನವರೇ. “ಅಯ್ಯಾ, ಅದು ನಾವೇ ಅಲ್ಲವೇ?”

“ಇರಬಹುದು ಸ್ವಾಮಿ. ಇಷ್ಟೆತ್ತರದಿಂದ ಇರುವೆಗಳೆಲ್ಲ ಒಂದೇ ಥರ ಕಾಣುತ್ತವೆ.”

ಎದ್ದೆವೋ ಬಿದ್ದೆವೋ ಎಂದು ಎಲ್ಲರೂ ಗೂಡಿಗೆ ಓಡಿದರು. ಒಂದು ಮೊಟ್ಟೆಯೂ ಉಳಿದಿರಲಿಲ್ಲ.

ಸೇನಾಪತಿ ತಲೆಯ ಮೇಲೆ ಕೈಹೊತ್ತು ಬಹಳ ಹೊತ್ತು ಯೋಚಿಸಿದ. ಕೊನೆಗೆ ಎದ್ದುನಿಂತು, “ಇದಕ್ಕಿಂತ ಎತ್ತರಕ್ಕೆ ಹಾರುವ ಹದ್ದನ್ನು ಹುಡುಕಿ!” ಎಂದು ಅಪ್ಪಣೆ ಮಾಡಿದ.