ಚುಕ್ಕಾಣಿ ಹಿಡಿದ ಅಜ್ಜಯ್ಯ

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಒಬ್ಬ ಗುರುಗಳಿದ್ದರು. ಸನ್ಯಾಸಕ್ಕೆ ಮೊದಲು ಹಾಯಿದೋಣಿ ನಡೆಸಿದವರು. ಊರಿಗೆಲ್ಲ ಅವರು ಅಜ್ಜಯ್ಯ.

ದುಗ್ಗಪ್ಪ ಅವರ ಶಿಷ್ಯ. ಮೀಸೆ ನರೆತರೂ ಗುರುವಿನ ಬೆನ್ನು ಬಿಟ್ಟವನಲ್ಲ. ಅಜ್ಜಯ್ಯ ಕೆಮ್ಮಿದರೆ ಇವನಿಗೆ ನೆಗಡಿ. ದೋಣಿಯಲ್ಲೂ ಅದೇ ಕಥೆ. ಗಾಳಿ ತಿರುಗಿದರೆ ಹಾಯಿ ನೋಡುತ್ತಿರಲಿಲ್ಲ, ಗುರುವಿನ ಮುಖ ನೋಡುತ್ತಿದ್ದ.

ಆ ಕಡೆ ಒಂದು ಪದ್ಧತಿ ಇತ್ತು. ಹಿರಿಯರು ದೋಣಿಗೆ ಬಂದರೆ ಕಿರಿಯ ಚುಕ್ಕಾಣಿ ಬಿಟ್ಟು ಮುಂದೆ ಹೋಗಿ ಕೂರಬೇಕು. ದುಗ್ಗಪ್ಪ ಅದನ್ನು ಎಂದೂ ಮೀರಿರಲಿಲ್ಲ.

ಒಂದು ದಿನ ಅವನು ಕೇಳಿದ, "ಅಜ್ಜಯ್ಯಾ, ನನಗೆ ದೀಕ್ಷೆ ಯಾವಾಗ?"

"ದೊಡ್ಡ ಹಡಗು ಹೋಗೋ ದಾರಿ ಉಂಟಲ್ಲ, ಅದನ್ನ ದಾಟಿ ಬಾ. ಒಬ್ಬನೇ."

"ನೀವು ಬರೂದಿಲ್ವಾ?"

"ನಾನು ಬಂದ್ರೆ ಒಬ್ಬನೇ ಹೇಗಾಯ್ತದೆ ಮಾರಾಯ?"

ದುಗ್ಗಪ್ಪ ಹೊರಟ. ರಾತ್ರಿಯಿಡೀ ಹಡಗುಗಳ ದೀಪ ಕಾಯುತ್ತ ರೆಪ್ಪೆ ಮುಚ್ಚಲಿಲ್ಲ. ಬೆಳಗಾದಾಗ ಸುತ್ತ ಬಿಳಿ ಮಂಜು. ಮೂಡಗಾಳಿ ಬೆನ್ನಿಗೆ ಬೀಸುತ್ತಿತ್ತು. ಎಲ್ಲೋ ಹಡಗೊಂದರ ಯಂತ್ರ ಗುಡುಗುಡು ಎನ್ನುತ್ತಿತ್ತು, ಯಾವ ಕಡೆ ಎಂದು ತಿಳಿಯುತ್ತಿರಲಿಲ್ಲ. ಅವನಿಗೆ ಹೆದರಿಕೆಯಾಯಿತು. ನಿದ್ದೆಯೂ ಎಳೆಯುತ್ತಿತ್ತು.

ತಿರುಗಿ ನೋಡಿದರೆ, ಚುಕ್ಕಾಣಿಯ ಪಕ್ಕದಲ್ಲೇ ಅಜ್ಜಯ್ಯ ಕೂತಿದ್ದರು.

ಅದೇ ಗಡ್ಡ, ಅದೇ ಕಾವಿ ಶಾಲು. ಶಾಲಿನ ಸೆರಗು ಗಾಳಿಗೆ ಪಡುವಣಕ್ಕೆ ಹಾರುತ್ತಿತ್ತು.

"ಮಲಗು ಮಗಾ. ನಾನಿದ್ದೇನಲ್ಲ."

ಹೇಗೆ ಬಂದಿರಿ ಎಂದು ದುಗ್ಗಪ್ಪ ಕೇಳಲಿಲ್ಲ. ಗುರುವನ್ನು ಹಾಗೆಲ್ಲ ಕೇಳುವುದುಂಟೇ? ಚುಕ್ಕಾಣಿ ಬಿಟ್ಟು, ಮುಂದೆ ಹೋಗಿ, ಹಗ್ಗದ ಸುರುಳಿಗೆ ತಲೆ ಕೊಟ್ಟ. ಎಷ್ಟೋ ಕಾಲದ ಮೇಲೆ ನೆಮ್ಮದಿಯಾಗಿತ್ತು.

ಹಾಯಿ ಪಟಪಟ ಬಡಿಯುವ ಸದ್ದಿಗೆ ಎಚ್ಚರವಾಯಿತು.

ಗಾಳಿ ತಿರುಗಿತ್ತು. ತಣ್ಣಗಿನ ಪಡುಗಾಳಿ ಅವನ ಮುಖಕ್ಕೇ ಹೊಡೆಯುತ್ತಿತ್ತು. ಅಜ್ಜಯ್ಯ ಕೂತಲ್ಲೇ ಕೂತಿದ್ದರು. ಅವರ ಶಾಲು ಮಾತ್ರ ಇನ್ನೂ ಪಡುವಣಕ್ಕೇ ಹಾರುತ್ತಿತ್ತು, ಗಾಳಿಗೆ ಎದುರಾಗಿ.

ದುಗ್ಗಪ್ಪ ಎದ್ದು ನಿಂತ.

"ಅಜ್ಜಯ್ಯಾ, ಗಾಳಿ ತಿರುಗ್ತು."

"ನಾನಿದ್ದೇನಲ್ಲ," ಎಂದರು ಅವರು. ತುಟಿ ಅಲುಗಲಿಲ್ಲ.

ಬಡಗಣ ದಿಕ್ಕಿನ ಮಂಜು ಕಪ್ಪಾಯಿತು. ಅದರೊಳಗಿಂದ ಕಬ್ಬಿಣದ ಗೋಡೆಯೊಂದು ಹೊರಬಂತು. ಹಡಗಿನ ಮೇಲಿಂದ ಒಬ್ಬರೂ ಬಗ್ಗಿ ನೋಡಲಿಲ್ಲ.

ಹಿರಿಯರು ಹಿಡಿದ ಚುಕ್ಕಾಣಿಗೆ ಕೈ ಹಾಕುವುದು ಹೇಗೆ? ಒಂದು ಗಳಿಗೆ ಅವನು ಕೈ ಮುಗಿದುಕೊಂಡೇ ನಿಂತಿದ್ದ. ಆಮೇಲೆ ಹಿಂದಕ್ಕೆ ಓಡಿ, ಕಣ್ಣು ಮುಚ್ಚಿ, ಚುಕ್ಕಾಣಿಗೆ ಅಡ್ಡ ಕೂತ ಗುರುವಿನ ಎದೆಗೇ ಕೈ ಚಾಚಿದ. ಅಲ್ಲಿ ಬರಿಯ ತಂಪು ಇತ್ತು. ಅದರಾಚೆ ಮರದ ಹಿಡಿ ಕೈಗೆ ಸಿಕ್ಕಿತು.

ತಿರುಗಿಸಿದ. ಹಾಯಿ ತುಂಬಿತು. ದೋಣಿ ದಡದ ಕಡೆ ಓಡಿತು. ಹಡಗು ಬೆನ್ನ ಹಿಂದೆಯೇ ಹಾದುಹೋಯಿತು.

ಆಶ್ರಮದ ಜಗಲಿಯಲ್ಲಿ ಅಜ್ಜಯ್ಯ ತೆಂಗಿನ ನಾರಿನ ಹುರಿ ಹೊಸೆಯುತ್ತ ಕೂತಿದ್ದರು. ದುಗ್ಗಪ್ಪ ಎಲ್ಲವನ್ನೂ ಹೇಳಿದ.

"ನಡುನೀರಲ್ಲಿ ಕೈಬಿಟ್ರಲ್ಲ ಅಜ್ಜಯ್ಯಾ."

"ಹಿಡಿದದ್ದು ಯಾವಾಗ?"

"ಹಾಗಾದ್ರೆ ಅಲ್ಲಿ ಕೂತದ್ದು ಯಾರು?"

"ಜಾಗ ಬಿಟ್ಟುಕೊಟ್ಟವ ನೀನು. ನನ್ನ ಕೇಳಿದ್ರೆ?"

ದುಗ್ಗಪ್ಪನ ಕಣ್ಣು ತುಂಬಿತು. ದಾರಿ ದಾಟಿರಲಿಲ್ಲ, ದೀಕ್ಷೆ ಕೈತಪ್ಪಿತ್ತು. ಅದಕ್ಕಿಂತ ಹೆಚ್ಚಾಗಿ, ಗುರುವಿನ ಎದೆಗೆ ಕೈ ಹಾಕಿದ್ದೆನೆಂಬ ಸಂಕಟ ಅವನನ್ನು ಸುಡುತ್ತಿತ್ತು.

"ದೀಕ್ಷೆ ಬೇಡ. ತಪ್ಪಾಯ್ತು ಅಂತ ಕಾಲು ಹಿಡೀತೇನೆ, ಅಷ್ಟು ಸಾಕು," ಎಂದು ಬಾಗಿದ.

ಅಜ್ಜಯ್ಯ ಕಾಲು ಹಿಂದಕ್ಕೆ ಎಳೆದುಕೊಂಡರು. ಅವರ ಹೆಗಲ ಮೇಲೆ ಕಾವಿ ಶಾಲಿನ ಸೆರಗು ಹಾರುತ್ತಿತ್ತು.

"ಹಿಡಿಯೋ ಮೊದ್ಲು, ಗಾಳಿ ಎತ್ತಲಿಂದ ಅಂತ ನೋಡು."