ತಿಪ್ಪೇಶ ಹೊಸ ಇ-ಮೇಲು ಹಾಕಿದ್ದು

ಕಂಬಳಿ ನೇಯುವ ಊರು ಒಂದಿತ್ತು. ಆ ಊರಲ್ಲಿ ಓಬಳಮ್ಮ, ಓಬಳಮ್ಮನಿಗೆ ಒಬ್ಬನೇ ಮಗ ತಿಪ್ಪೇಶ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಮ್ಮೆ ಕೇಳಿದ್ದನ್ನು ಮರೆಯುವವನೇ ಅಲ್ಲ. ತೊಂದರೆ ಅದೇ.

ಒಂದು ಸಲ ಓಬಳಮ್ಮ, ನಾನು ಬರೋವರೆಗೂ ಬಾಗಿಲಲ್ಲೇ ನಿಂತಿರು ಅಂದು ಹೋದಳು. ಬರುವಾಗ ಹಿತ್ತಲ ಕಡೆಯಿಂದ ಬಂದಳು. ಅಡಿಗೆ ಮಾಡಿದಳು, ಉಂಡಳು, ಮಗ ಎಲ್ಲಿ ಅಂತ ಊರೆಲ್ಲ ಹುಡುಕಿದಳು. ಮಗ ಮುಂಬಾಗಿಲಲ್ಲೇ ನಿಂತಿದ್ದ.

ಓಬಳಮ್ಮ ಕಂಬಳಿ ನೇಕಾರರ ಸಂಘದ ಕಾರ್ಯದರ್ಶಿ. ಸಂಘಕ್ಕೆ ಒಂದು ಕಂಪ್ಯೂಟರ್. ಆ ವರ್ಷ ಅವಳ ಕಣ್ಣಿಗೆ ಆಪರೇಷನ್ ಆಯಿತು. ಎಂಟು ದಿನ ಪರದೆ ನೋಡಬಾರದು ಅಂತ ಡಾಕ್ಟರು ಕಪ್ಪು ಕನ್ನಡಕ ಹಾಕಿ ಕಳಿಸಿದರು. ಆ ಎಂಟು ದಿನದಲ್ಲೇ ಇ-ಮೇಲಿನಲ್ಲಿ ಕಾಗದ ಬರಬೇಕೇ? ದೂರದ ಬೆಟ್ಟದ ಮೇಲಿನ ಒಂದು ಯಾತ್ರಿನಿವಾಸದವರು ಬರೆದಿದ್ದರು, ಮಗ ಓದಿ ಹೇಳಿದ: ನಮಗೆ ಆರುನೂರು ಕಂಬಳಿ ಬೇಕು. ಷರತ್ತು ಜೊತೆಯ ಫೈಲಿನಲ್ಲಿದೆ. ಗುರುವಾರ ಸಂಜೆ ನಾಲ್ಕರೊಳಗೆ ಇ-ಮೇಲಿನಲ್ಲೇ ಉತ್ತರ ಬರಬೇಕು. ಫೋನು ಮಾಡಬೇಡಿ.

ಆರುನೂರು ಕಂಬಳಿ ಅಂದರೆ ಊರಿನ ಅಷ್ಟೂ ಮಗ್ಗಕ್ಕೆ ಆರು ತಿಂಗಳ ಕೆಲಸ. ಆ ಹೊತ್ತಿಗೆ ಅರ್ಧ ಮಗ್ಗ ಸುಮ್ಮನೆ ನಿಂತಿದ್ದವು. ಆದರೆ ಜೊತೆಯ ಫೈಲು ತೆರೆಯಲಿಲ್ಲ. ಸಂಘದ ಇ-ಮೇಲು, ಆಫೀಸು ತಂತ್ರಾಂಶ ಎರಡೂ ಹನ್ನೆರಡು ವರ್ಷ ಹಳೆಯವು.

ಕಂಪ್ಯೂಟರ್ ರಿಪೇರಿಯ ಜಬೀವುಲ್ಲಾ ತಂಗಿ ಮದುವೆಗೆಂದು ಬಳ್ಳಾರಿಗೆ ಹೋಗಿದ್ದ. ಹೊಸ ತಂತ್ರಾಂಶದ ಡಿಸ್ಕು ಬೀರುವಿನಲ್ಲೇ ಇದೆ, ಹಾಕಿಕೊಳ್ಳಿ ಅಂತ ಫೋನಿನಲ್ಲಿ ಹೇಳಿದ. ಓಬಳಮ್ಮ ಪರದೆ ನೋಡುವ ಹಾಗಿಲ್ಲ. ಮಗನನ್ನು ಕೂರಿಸಿದಳು.

ತಿಪ್ಪೇಶ ಡಿಸ್ಕು ಹಾಕಿದ. ಹಳೆಯದನ್ನು ತೆಗೆಯಲೇ ಅಂತ ಕಂಪ್ಯೂಟರ್ ಕೇಳಿತು. ತಿಪ್ಪೇಶ ಮಗ್ಗದ ಪಕ್ಕ ಬೆಳೆದವನು. ಅವರ ಊರಲ್ಲಿ ಒಂದು ಕಂಬಳಿ ನೇದು ಮುಗಿಸಿದ ಮೇಲೆ ಮಗ್ಗಕ್ಕೆ ಉದ್ದುದ್ದ ಬಿಗಿದ ಹಾಸಿನ ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ. ಗೇಣುದ್ದ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಅದಕ್ಕೆ ಹೊಸ ಎಳೆ ಗಂಟು ಹಾಕುತ್ತಾರೆ. ಹಳೆಯದನ್ನು ತೆಗೆಯುವುದುಂಟೇ? ಬೇಡ ಅಂತ ಒತ್ತಿದ.

ಹೊಸದು ಹಳೆಯದರ ಮೇಲೆ ಹೋಗಿ ಕೂತಿತು. ಎರಡೂ ಜಗಳಕ್ಕೆ ಬಿದ್ದವು. ಇನ್ನೂರ ಹನ್ನೆರಡು ಕಾಗದ ಇದ್ದದ್ದು ನಾನೂರ ಇಪ್ಪತ್ತನಾಲ್ಕಾಯಿತು, ಒಂದೊಂದೂ ಎರಡೆರಡು ಸಲ. ಕನ್ನಡ ಅಕ್ಷರವೆಲ್ಲ ಚೌಕ ಚೌಕ ಪೆಟ್ಟಿಗೆಯಾದವು. ಷರತ್ತಿನ ಫೈಲು ಅರ್ಧ ತೆರೆದು ಮುಚ್ಚಿಕೊಂಡಿತು.

ಜಬೀವುಲ್ಲಾ ಮದುವೆಮನೆಯಿಂದಲೇ ಬೈದ. "ಹಳೇದ್ರ ಮೇಲೆ ಹೊಸದು ಹಾಕ್ತಾರೇನಪ್ಪ? ಹಳೇದನ್ನ ಬುಡದಿಂದ ಕಿತ್ತು ತೆಗಿ. ಒಂದು ಚೂರೂ ಉಳಿಸ್ಬೇಡ. ಕಂಪ್ಯೂಟರ್ ಆರಿಸಿ ಒಂದ್ಸಲ ಹಚ್ಚು. ಆಮೇಲೆ ಹೊಸದು."

ಕಾಗದಗಳನ್ನು ಮೊದಲು ಹೊರಗೆ ತೆಗೆದಿಡಬೇಕು, ಅದಕ್ಕೆ ಪೆನ್‌ಡ್ರೈವ್ ಬೇಕು, ಗುರುವಾರ ಬೆಳಿಗ್ಗೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ, ಅಲ್ಲಿವರೆಗೆ ಯಾರೂ ಅದನ್ನು ಮುಟ್ಟಬೇಡಿ ಅಂದ. ತಿಪ್ಪೇಶ ಆಗ್ಲಿ ಅಂದ. ಮರೆಯಲಿಲ್ಲ.

ಓಬಳಮ್ಮ ಆಫೀಸಿಗೆ ಬೀಗ ಹಾಕಿದಳು. ಮಗ ಕಂಪ್ಯೂಟರಿನಿಂದ ದೂರ ಇರಲಿ ಅಂತ ಮಂಗಳವಾರ ಕರಿಬಸಜ್ಜನ ಮನೆಗೆ ಕಳಿಸಿದಳು. ಕರಿಬಸಜ್ಜ ಸಂಘದ ಅಧ್ಯಕ್ಷ. ಅವನ ಗುಂಡಿ ಮಗ್ಗಕ್ಕೆ ಅವತ್ತು ಹೊಸ ಹಾಸು ಏರಿಸಬೇಕಿತ್ತು. ಅಜ್ಜ ಗುಂಡಿಯಲ್ಲಿ ಕಾಲಿಟ್ಟು ಕೂತು, ನೀನು ಶುರುಮಾಡಿರು ಅಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ತಿಪ್ಪೇಶ ಮಗ್ಗದಲ್ಲಿ ಉಳಿದಿದ್ದ ಹಳೆ ಎಳೆಗಳನ್ನು ನೋಡಿದ. ಒಂದು ಚೂರೂ ಉಳಿಸಬಾರದು. ಎಳೆ ತೂರಿಸುವ ಬಾಚಣಿಗೆಯಂಥ ಹಣಿಗೆಯಿಂದ ನಾನೂರು ಎಳೆಯನ್ನೂ ಸರ್ರನೆ ಎಳೆದು ಹಾಕಿದ. ಆಮೇಲೆ ಅಜ್ಜನ ರಟ್ಟೆ ಹಿಡಿದು ಗುಂಡಿಯಿಂದ ಎತ್ತಿದ, ಬಾಗಿಲ ಹೊರಗೆ ನಿಲ್ಲಿಸಿದ, ಮತ್ತೆ ಒಳಗೆ ಕರೆತಂದು ಗುಂಡಿಯಲ್ಲಿ ಕೂರಿಸಿದ.

"ಯಾಕ್ಲಾ?" ಅಂದ ಅಜ್ಜ.

"ಆರಿಸಿ ಹಚ್ಚಿದೆ."

ಎಲೆ ಅಡಿಕೆ ಬಾಯಲ್ಲೇ ಇದ್ದದ್ದರಿಂದ ಅಜ್ಜ ಸ್ವಲ್ಪ ತಡವಾಗಿ ಬೈದ. ನಾನೂರು ಎಳೆ ಮತ್ತೆ ತೂರಿಸಲು ಎರಡು ದಿನ ಬೇಕು. "ಬಿಚ್ಚಿದ್ದನ್ನ ಬಿಸಾಕೋದಲ್ಲ ಕಣಲೇ. ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಹಾಕ್ಬೇಕು. ಒಂದೊಂದೇ. ತಾಳ್ಮೆಯಿಂದ."

ಆಗ್ಲಿ ಅಂದ ತಿಪ್ಪೇಶ. ಮರೆಯಲಿಲ್ಲ.

ಬುಧವಾರ ಓಬಳಮ್ಮ ಅವನನ್ನು ಇನ್ನೂ ದೂರ ಕಳಿಸಿದಳು, ಕುರಿ ಹಟ್ಟಿಗೆ. ಅಲ್ಲಿ ಮೈಲಾರಪ್ಪ ಕುರಿಗಳ ಉಣ್ಣೆ ಕತ್ತರಿಸಿ ಮುಗಿಸಿದ್ದ. ಹಟ್ಟಿಯಲ್ಲಿದ್ದದ್ದು ಮೂರು ಮನೆಯ ಕುರಿ. ಒಂದು ಮನೆಯದಕ್ಕೆ ಕೆಂಪು ಬಣ್ಣದ ಗುರುತು, ಒಂದಕ್ಕೆ ನೀಲಿ, ಒಂದಕ್ಕೆ ಹಸಿರು. ಉಣ್ಣೆಯನ್ನು ಚೀಲಕ್ಕೆ ತುಂಬಿ ತಾ ಅಂತ ಓಬಳಮ್ಮ ಹೇಳಿದ್ದಳು. ಆದರೆ ತಿಪ್ಪೇಶನ ತಲೆಯಲ್ಲಿ ಅಜ್ಜನ ಮಾತು. ಈ ಉಣ್ಣೆ ಎಲ್ಲಿಂದ ಬಂತು?

ಮೈಲಾರಪ್ಪ ಉಂಡು ಬರುವಷ್ಟರಲ್ಲಿ ಮೂವತ್ತು ಕುರಿಗೆ ಉಣ್ಣೆ ವಾಪಸ್ ಬಂದಿತ್ತು. ಒಂದೊಂದಕ್ಕೂ ಹೊಟ್ಟೆ ಸುತ್ತ ದಾರ, ಬೆನ್ನ ಮೇಲೆ ಗಂಟು. ಕರಿ ಕುರಿಯ ಮೇಲೆ ಬಿಳಿ ಉಣ್ಣೆ, ಬಿಳಿ ಕುರಿಯ ಮೇಲೆ ಕರಿ ಉಣ್ಣೆ. ಮರಿಗಳು ತಾಯಿಯ ಗುರುತು ಸಿಗದೆ ಅರಚುತ್ತಿದ್ದವು. ತಿಪ್ಪೇಶ ಮೂವತ್ತೊಂದನೆಯದನ್ನು ತಾಳ್ಮೆಯಿಂದ ಅಟ್ಟಿಸಿಕೊಂಡು ಹೋಗುತ್ತಿದ್ದ.

ಮೈಲಾರಪ್ಪನಿಗೆ ಬೈಯಲು ಶುರು ಎಲ್ಲಿಂದ ಮಾಡಬೇಕೋ ತಿಳಿಯಲಿಲ್ಲ. ಕಡೆಗೆ ಅಂದ: "ಕಟ್ಟಿದ್ದು ಹಾಳಾಗಿ ಹೋಗ್ಲಿ, ಯಾರ್ದು ಯಾರಿಗೆ ಅಂತಾದ್ರೂ ನೋಡ್ಬಾರದೇನೋ? ಮೂರು ಮನೇದು ಕಲಸಿಬಿಟ್ಟೆ. ಗುರುತು ನೋಡ್ಬೇಕು. ಅವರವರದ್ದು ಅವರವರಿಗೆ ಮುಟ್ಟಿಸ್ಬೇಕು."

ಆಗ್ಲಿ ಅಂದ ತಿಪ್ಪೇಶ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು ಬಂತು, ಕಂಡಕ್ಟರ್ ಪೆನ್‌ಡ್ರೈವ್ ಕೊಟ್ಟ. ಓಬಳಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮಗನ ಬೆನ್ನ ಹಿಂದೆ ಕೂತಳು. ಜಬೀವುಲ್ಲಾ ಫೋನಿನಲ್ಲಿ ಒಂದೊಂದೇ ಹೇಳಿದ, ತಿಪ್ಪೇಶ ಒಂದೊಂದೇ ಮಾಡಿದ. ಕಾಗದಗಳನ್ನೆಲ್ಲ ಪೆನ್‌ಡ್ರೈವಿಗೆ ತೆಗೆದ. ಎಣಿಸಿದ, ನಾನೂರ ಇಪ್ಪತ್ತನಾಲ್ಕು. ಹಳೆಯದನ್ನು ಬುಡದಿಂದ ಕಿತ್ತ, ಅದರ ಮೇಲಿದ್ದ ಹೊಸದನ್ನೂ ಕಿತ್ತ. ಆರಿಸಿ ಹಚ್ಚಿದ. ಬರಿದಾದ ಜಾಗದಲ್ಲಿ ಹೊಸ ತಂತ್ರಾಂಶ ಹಾಕಿದ. ಕನ್ನಡ ಅಕ್ಷರ ಮುತ್ತಿನ ಹಾಗೆ ಬಂತು.

ಹನ್ನೊಂದೂವರೆ ಆಗಿತ್ತು. ಇನ್ನು ಉಳಿದಿರೋದು ಒಂದೇ, ತೆಗೆದ ಕಾಗದಗಳನ್ನ ವಾಪಸ್ ಹಾಕಿಬಿಡಿ, ಷರತ್ತು ಓದಿ ಒಪ್ಪಿಗೆ ಅಂತ ಬರೀರಿ, ಮುಗೀತು ಅಂದ ಜಬೀವುಲ್ಲಾ. ಮದುವೆಮನೆಯಲ್ಲಿ ಊಟಕ್ಕೆ ಕರೆದರು, ಹೋದ.

ಓಬಳಮ್ಮನಿಗೆ ಕಣ್ಣಲ್ಲಿ ನೀರು. ಔಷಧಿ ಬಿಟ್ಟುಕೊಳ್ಳುವ ಹೊತ್ತೂ ಆಗಿತ್ತು. ನನ್ನ ಮಗನೂ ಒಂದು ದಾರಿಗೆ ಬಂದ ಅಂದುಕೊಂಡು ಮನೆಗೆ ಹೋದಳು. ಔಷಧಿ ಹಾಕಿಕೊಂಡು ಅರ್ಧಗಂಟೆ ಅಂತ ಕಣ್ಣು ಮುಚ್ಚಿದವಳಿಗೆ ಎಚ್ಚರವಾದಾಗ ಮೂರೂ ಮುಕ್ಕಾಲು. ಓಡಿ ಬಂದಳು. ಐದೇ ನಿಮಿಷದ ದಾರಿ.

"ಕಾಗದ ವಾಪಸ್ ಹಾಕಿದ್ಯೇನಪ್ಪ?"

"ಈಗ ಮುಗೀತು ಅವ್ವ. ಕೈ ಬಿದ್ದುಹೋಯ್ತು."

"ಕೈ ಯಾಕಪ್ಪ ಬೀಳುತ್ತೆ?"

"ನಾನೂರ ಇಪ್ಪತ್ತನಾಲ್ಕು ಅಲ್ವ. ಒಂದೊಂದೇ ಹಾಕ್ದೆ. ಪ್ರತಿಯೊಂದಕ್ಕೂ ಮೇಲ್ಗಡೆ ಹೆಸರಿತ್ತು, ಗುರುತು ನೋಡ್ದೆ. ಯಾರು ಬರೆದಿದ್ರೋ ಅವರಿಗೇ ಮುಟ್ಟಿಸ್ದೆ."

ಓಬಳಮ್ಮ ಉಣ್ಣೆ ಚೀಲದ ಮೇಲೆ ಕೂತಳು. ಬೆಟ್ಟದವರ ಕಾಗದ ಎಲ್ಲಿ ಅಂತ ಕೇಳಿದಳು. ಅದೇ ಕೊನೆಯದು, ಎರಡು ಪ್ರತಿ ಇತ್ತು, ಎರಡನ್ನೂ ಈಗ ಕಳಿಸಿದೆ ಅಂದ. ಪೆನ್‌ಡ್ರೈವಿನಲ್ಲಿ ಇದೆಯಲ್ಲ ಅಂದಳು. ಇಲ್ಲ, ಅಳಿಸಿದೆ ಅಂದ. ಅವರದ್ದನ್ನು ಅವರಿಗೆ ಕೊಟ್ಟ ಮೇಲೆ ನಾವೂ ಇಟ್ಟುಕೊಂಡರೆ ಕಳ್ಳತನ ಅಲ್ಲವೇ?

ಷರತ್ತು ಓದದೆ ಏನಂತ ಬರೆಯುವುದು? ಅಷ್ಟರಲ್ಲಿ ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಓಬಳಮ್ಮ ಬೈಯಲಿಲ್ಲ. ಬೈದರೆ ಅದನ್ನೂ ನೆನಪಿಟ್ಟುಕೊಳ್ಳುತ್ತಾನೆ ಅಂತ ಭಯ. ಕರಿಬಸಜ್ಜನಿಗೆ ಏನು ಹೇಳಲಿ, ನಿಂತ ಮಗ್ಗದವರಿಗೆ ಏನು ಹೇಳಲಿ ಅಂತ ನೆಲ ನೋಡುತ್ತ ಕೂತಳು.

ಐದಕ್ಕೆ ಕಂಪ್ಯೂಟರ್ ಟಿಂಗ್ ಅಂದಿತು. ಹೊಸ ಇ-ಮೇಲಿಗೆ ಮೊದಲ ಕಾಗದ. ತಿಪ್ಪೇಶ ಓದಿದ.

"ಮಾನ್ಯರೇ, ಮೂರು ಐವತ್ತಕ್ಕೆ ನಿಮ್ಮ ಉತ್ತರ ಬಂತು. ಉಳಿದ ಸಂಘದವರೆಲ್ಲ ನಮ್ಮ ಷರತ್ತಿಗೆ ಒಂದಲ್ಲ ಒಂದು ತಕರಾರು ಬರೆದರು. ಒಂದಕ್ಷರವನ್ನೂ ತಿದ್ದದೆ ನಮ್ಮ ಷರತ್ತನ್ನು ಹಾಗೆಯೇ ಹಿಂದಿರುಗಿಸಿ ಒಪ್ಪಿದವರು ನೀವೊಬ್ಬರೇ. ಅದೂ ಎರಡು ಸಲ. ಆರುನೂರು ಕಂಬಳಿಯ ಕೆಲಸ ನಿಮ್ಮದು. ಈ ಪತ್ರವೇ ಆರ್ಡರ್. ಬೇಡವಾದರೆ ಮಾತ್ರ ಇದನ್ನು ಹಿಂದಿರುಗಿಸಿ, ಬೇರೆಯವರಿಗೆ ಕೊಡುತ್ತೇವೆ."

ಓಬಳಮ್ಮ ಇನ್ನೊಂದು ಸಲ ಓದಿಸಿದಳು. ಮಗನ ಕೆನ್ನೆ ಸವರಿದಳು. ಸೆರಗು ಸಿಕ್ಕಿಸಿಕೊಂಡು ಬೀದಿಗೆ ಓಡಿದಳು. ಮನೆ ಮನೆಗೂ ಹೇಳಿದಳು. ಮೈಲಾರಪ್ಪ ಸಿಕ್ಕ, ಹೇಳಿದಳು. ಕರಿಬಸಜ್ಜ ಹಣಿಗೆಗೆ ಎಳೆ ತೂರಿಸುತ್ತಿದ್ದ, ಮುನ್ನೂರ ತೊಂಬತ್ತನೆಯ ಎಳೆ. ಅದನ್ನು ಬಿಟ್ಟು ಎದ್ದು ಬಂದ. ಆ ಕಾಗದ ನಾನೂ ಕಣ್ಣಾರೆ ನೋಡಬೇಕು ಅಂದ. ಹಿಂದೆ ಅರ್ಧ ಊರು ಬಂತು.

"ತೋರ್ಸಪ್ಪ ಅಜ್ಜಂಗೆ," ಅಂದಳು ಓಬಳಮ್ಮ.

ಪರದೆ ಬಿಳಿಯಾಗಿತ್ತು. ತೊಳೆದಿಟ್ಟ ತಟ್ಟೆಯ ಹಾಗೆ.

"ಗುರುತು ನೋಡ್ದೆ ಅವ್ವ," ಅಂದ ತಿಪ್ಪೇಶ. "ಅದೂ ಅವರದ್ದೇ. ಅವರಿಗೇ ಮುಟ್ಟಿಸ್ದೆ."

ಓಬಳಮ್ಮ ಬಾಯಿ ತೆರೆದವಳು ತೆರೆದ ಹಾಗೇ ನಿಂತಳು. ಕೈ ಆಡಲಿಲ್ಲ, ರೆಪ್ಪೆ ಬಡಿಯಲಿಲ್ಲ. ತಿಪ್ಪೇಶ ತಾಯಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಎದ್ದು ಬಂದು ರಟ್ಟೆ ಹಿಡಿದುಕೊಂಡ.

"ಅವ್ವ, ಒಂದ್ಸಲ ಹೊರಗೆ ಹೋಗಿ ಒಳಗೆ ಬಾ. ಸರಿಹೋಗ್ತೀಯ."