ಇಂದುಧರ ಹಾಕಿದ ಗಂಟು

ಹೇಮಾವತಿ ದಂಡೆಯ ಆ ಆಶ್ರಮದಲ್ಲಿ ಧ್ಯಾನ ಕಡಿಮೆ, ಕಂಪ್ಯೂಟರ್ ಜಾಸ್ತಿ. ನೀಲಕಂಠ ಗುರುಗಳ ಶಿಷ್ಯ ಇಂದುಧರ ಅಲ್ಲೊಂದು ಕಂಪೈಲರ್ ಕಟ್ಟಿದ್ದ. ಮನುಷ್ಯರು ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸಿಕೊಡುವ ಸಾಮಾನು ಅದು.

ಯಾರು ಬೇಕಾದರೂ ಒಯ್ಯಬಹುದು. ಷರತ್ತು ಒಂದೇ: ಅದನ್ನು ತಿದ್ದಿ ಬೇರೆಯವರಿಗೆ ಕೊಟ್ಟರೆ, ತಿದ್ದಿದ್ದನ್ನೂ ಬಿಚ್ಚಿ ತೋರಿಸಬೇಕು.

ಅಷ್ಟಕ್ಕೆ ಸುಮ್ಮನಿರಬಾರದಿತ್ತೇ ಮಹಾರಾಯ? ಕಂಪನಿಯವರು ಒಂದು ತುಂಡು ಕಿತ್ತುಕೊಂಡು ಹೋಗಿ ಬಚ್ಚಿಟ್ಟುಕೊಂಡಾರು ಅಂತ ಸಂಶಯ. ಒಂದು ಭಾಗ ಮುಟ್ಟಿದರೆ ಇನ್ನೊಂದು ಕೆಡುವ ಹಾಗೆ, ಬೇಕಂತಲೇ ಎಲ್ಲಕ್ಕೂ ಗಂಟು ಹಾಕಿಟ್ಟ. ಗುರುಗಳಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಮುಖ ಊದಿಸಿಕೊಂಡು ಗುರುಗಳ ಮುಂದೆ ಕೂತ.

“ಎಲ್ಲರೂ ಆಚೆ ದಡದವರ ಕಂಪೈಲರ್‌ಗೆ ಹೋಗ್ತಿದ್ದಾರೆ, ಗುರುಗಳೇ. ಅಲ್ಲಿ ಷರತ್ತೇ ಇಲ್ಲ. ಒಯ್ಯಿ, ತಿದ್ದು, ಬೇಕಾದರೆ ಬಚ್ಚಿಟ್ಟುಕೋ ಅಂತಾರೆ. ಕಂಪನಿಗಳಿಗೆ ಇನ್ನೇನು ಬೇಕು? ನಮ್ಮದು ಮುಟ್ಟೋರಿಲ್ಲದೆ ಸಾಯುತ್ತೆ. ನಾವೂ ಷರತ್ತು ತೆಗೆದುಬಿಡೋಣ.”

“ಹೋದವರು ಷರತ್ತಿಗೇ ಹೆದರಿ ಹೋದರು ಅಂತ ಯಾರು ಹೇಳಿದರು?”

“ಅದನ್ನೂ ಕೇಳಬೇಕೆ?”

“ಕೇಳೋಣ” ಎಂದು ಗುರುಗಳು ಎದ್ದು, ಅವನನ್ನೂ ಕರೆದುಕೊಂಡು ದೋಣಿ ಹತ್ತಿದರು.

ಆಚೆ ದಡದಲ್ಲಿ ಚಿಪ್ ಕಂಪನಿಯ ಇಂಜಿನಿಯರ್ ಕಾತ್ಯಾಯಿನಿ ಮಂಡಕ್ಕಿ ತಿನ್ನುತ್ತಾ ಕೂತಿದ್ದಳು. ಅವಳು ಬಾಯಿ ಬಿಟ್ಟದ್ದೇ ತಡ, ದೋಣಿಯವನೂ ಹುಟ್ಟು ಕೆಳಗಿಟ್ಟು ಕಿವಿಗೊಟ್ಟ.

“ಷರತ್ತಾ? ನಮ್ಮ ವಕೀಲರು ಸ್ವಲ್ಪ ಗೊಣಗಿ ಒಪ್ಪಿದ್ರು, ಗುರುಗಳೇ. ನಮ್ಮ ಹೊಸ ಚಿಪ್‌ಗೆ ಹೊಂದಿಸಿ, ಮಾಡಿದ್ದನ್ನೆಲ್ಲ ನಿಮಗೂ ಕೊಡೋಣ ಅಂತಲೇ ಬಂದಿದ್ದೆ. ಆದರೆ ಒಳಗೆಲ್ಲ ಗಂಟುಗಂಟು, ಒಂದು ಕಡೆ ಕೈ ಇಟ್ಟರೆ ಇನ್ನೊಂದು ಕಡೆ ಕಿತ್ತುಕೊಳ್ಳುತ್ತೆ. ಸಾಕಾಗಿ ಇಲ್ಲಿಗೆ ಬಂದೆ. ಯಾವ ಪುಣ್ಯಾತ್ಮ ಕಟ್ಟಿದನೋ.”

ಪುಣ್ಯಾತ್ಮ ಹೊಳೆ ನೋಡುತ್ತಿದ್ದ.

“ಇವನೇ” ಎಂದರು ಗುರುಗಳು.

ಕಾತ್ಯಾಯಿನಿಗೆ ಮಂಡಕ್ಕಿ ನೆತ್ತಿಗೇರಿತು. ಇಂದುಧರನೇ ಅವಳ ತಲೆ ತಟ್ಟಬೇಕಾಯಿತು. ಆಮೇಲೆ ನಗು ತಡೆಯುವವರು ಯಾರು.

“ಗಂಟು ಬಿಚ್ಚಿದರೆ ಬರ್ತೀಯೇನಮ್ಮ?”

“ಬಿಚ್ಚೋಕೂ ನಾನೇ ಕೂರ್ತೀನಿ, ಗುರುಗಳೇ. ಆದರೆ ಇವರು ಪಕ್ಕದಲ್ಲಿರಬೇಕು. ಬೈಯೋಕೆ ಯಾರಾದರೂ ಬೇಕಲ್ಲ.”

ವಾಪಸು ದೋಣಿಯಲ್ಲಿ ಇಂದುಧರನ ಮುಖ ಅರಳಿತ್ತು. ಸಂಶಯ ಮಾತ್ರ ಇನ್ನೂ ಇಳಿದಿರಲಿಲ್ಲ.

“ಎಲ್ಲ ಬಿಡಿಬಿಡಿಯಾಗಿಟ್ಟ ಮೇಲೆ ಯಾರಾದರೂ ಕದ್ದರೆ?”

ಗುರುಗಳು ನೀರಲ್ಲಿ ಕೈ ಆಡಿಸುತ್ತಿದ್ದರು.

“ಕದ್ದವರನ್ನ ಕೇಳೋಕೆ ಷರತ್ತಿದೆಯಲ್ಲಪ್ಪ. ಬರದೇ ಹೋದವರನ್ನ ಏನಂತ ಕೇಳ್ತೀಯ?”